ಯಾರ ಕಾಲದ ಹಳೆಯ ಉಂಗುರ?

ಹಾವೇರಿ, ರಾಣೆಬೆನ್ನೂರು ಕಡೆಯ ಕೆಲವು ಮನೆಗಳಲ್ಲಿ ಈಚೆಗೆ ನಿಶ್ಚಯದ ಎಲೆ-ಅಡಿಕೆ, ಉಡಿ ತುಂಬುವ ಸೀರೆಯ ಪಕ್ಕದಲ್ಲಿ ವಜ್ರದ ಉಂಗುರವೂ ಬಂದು ಕೂತಿದೆ. ಅದರಲ್ಲೂ ‘ವಿಂಟೇಜ್’ ಎಂಬ ಹೆಸರಿನದು. ಹಳೆಯದರ ಮೇಲಿನ ಪ್ರೀತಿಯನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಈ ಹಳೆಯದು ಯಾರ ಹಳೆಯದು?

ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಆ ಹೆಸರಿನಿಂದ ಮೆರೆಯುವ ಉಂಗುರವನ್ನು ಗಮನಿಸಿ. ನಡುವೆ ಒಂದು ಹರಳು, ಸುತ್ತ ಪುಟ್ಟ ಹರಳುಗಳ ವೃತ್ತ, ಅಂಚಿಗೆ ಸಾಸಿವೆಗಿಂತ ಸಣ್ಣ ಗುಂಡುಗಳ ಸಾಲು, ಬದಿಗೆ ಜಾಲರಿ. ಇದು ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡ್ ಮತ್ತು 1920ರ ದಶಕದ ಪ್ಯಾರಿಸ್‌ನ ಅಭಿರುಚಿ. ಅದೂ ಅರೆಬರೆ. ನಡುವಿನ ಹರಳು ಹೆಚ್ಚಾಗಿ ಇಂದಿನ ದುಂಡು ಕೆತ್ತನೆಯದೇ. ಅಂಗಿ ಅಜ್ಜಿಯದು, ಮೈ ಮೊಮ್ಮಗಳದು! ಇನ್ನು ನಿಶ್ಚಿತಾರ್ಥಕ್ಕೆ ವಜ್ರವೇ ಬೇಕೆಂಬ ನಂಬಿಕೆಯನ್ನು ಬೆಳೆಸಿದ್ದು ಬಹುಮಟ್ಟಿಗೆ ಜಾಹೀರಾತು. ವಜ್ರ ಶಾಶ್ವತವೆಂಬ ಘೋಷಣೆಯನ್ನು ‘ಡಿ ಬೀರ್ಸ್’ ಕಂಪೆನಿಗಾಗಿ ಫ್ರಾನ್ಸಿಸ್ ಗೆರೆಟಿ ಎಂಬಾಕೆ ಬರೆದದ್ದು 1947ರಲ್ಲಿ.

ವಜ್ರದ ನಿಜವಾದ ಹಳಮೆ ದಖ್ಖನಿನದು. 18ನೇ ಶತಮಾನದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಗುವವರೆಗೆ ಜಗತ್ತಿಗೆ ಅದು ಹೋಗುತ್ತಿದ್ದುದು ಹೆಚ್ಚುಕಡಿಮೆ ಭಾರತದಿಂದಲೇ. ಗಳಗನಾಥದಲ್ಲಿ ವರದೆಯನ್ನು ಕೂಡಿಸಿಕೊಂಡ ತುಂಗಭದ್ರೆ ಮುಂದೆ ಹಂಪಿಯನ್ನು ಮುಟ್ಟುತ್ತದೆ. 1443ರಲ್ಲಿ ಅಲ್ಲಿಗೆ ಬಂದ ಹೆರಾತಿನ ರಾಯಭಾರಿ ಅಬ್ದುರ್ರಝಾಕ್, ಬಜಾರಿನಲ್ಲಿ ಮುತ್ತು, ಮಾಣಿಕ್ಯ, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಕಲ್ಲಿನ ತೂಕ ಕಳೆಯದಂತೆ ಕಡಿಮೆ ಕೆತ್ತಿದ ಚಪ್ಪಟೆ ವಜ್ರ, ಅದರ ಸುತ್ತ ಅಪ್ಪಟ ಚಿನ್ನವನ್ನು ಒತ್ತಿ ಕೂರಿಸುವ ಕುಂದಣದ ಕೆಲಸ, ಇದು ನಮ್ಮ ನೆಲದ ಕುಸುರಿ. ಅದು ಕಣ್ಣು ಕುಕ್ಕುವುದಿಲ್ಲ, ಮಿನುಗುತ್ತದೆ. ‘ವಿಂಟೇಜ್’ ಎಂದೊಡನೆ ನಮಗೆ ಇದು ನೆನಪಾಗದಿರುವುದು ಸೋಜಿಗ.

ಗಳಗೇಶ್ವರ ಗುಡಿಯನ್ನು ಕಂಡವರಿಗೆ ಗೊತ್ತು, ಅದರ ಬುಡ ಪಿರಮಿಡ್ಡಿನಂತೆ ಹರಡಿಕೊಂಡಿದೆ. ಕೆತ್ತನೆಗಿಂತ ಮೊದಲು ಕಾಣುವುದು ಆ ಗಟ್ಟಿತನ. ಉಂಗುರವನ್ನೂ ಹಾಗೆಯೇ ನೋಡಬೇಕು: ಮೊದಲು ಹಿಡಿತ, ಆಮೇಲೆ ಹೊಳಪು. ರೊಟ್ಟಿ ತಟ್ಟುವ, ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೈಗೆ ಎತ್ತರಕ್ಕೆ ಕೂತ ಹರಳು ತೊಡಕು. ಸೆರಗಿಗೆ ಸಿಕ್ಕುತ್ತದೆ, ಜಾಲರಿಯಲ್ಲಿ ಹಿಟ್ಟು ಸೇರುತ್ತದೆ, ಅಂಚಿನ ಗುಂಡುಗಳು ಸವೆಯುತ್ತವೆ. ಹರಳು ಚಿನ್ನದೊಳಗೆ ಹುದುಗಿ ಕೂತ ತಗ್ಗಿನ ಉಂಗುರವೇ ವಾಸಿ. ಊರಿನ ಪತ್ತಾರರು ಅಂಥದನ್ನು ಮಾಡಿಕೊಡಬಲ್ಲರೇ ಎಂದು ಒಮ್ಮೆ ವಿಚಾರಿಸಿದರೆ ನಷ್ಟವೇನಿಲ್ಲ.

ಹಾಲ್‌ಮಾರ್ಕ್ ಹೇಳುವುದು ಚಿನ್ನದ ಶುದ್ಧತೆಯನ್ನು ಮಾತ್ರ, ವಜ್ರದ್ದನ್ನಲ್ಲ. ವಜ್ರದ ಉಂಗುರ ಸಾಮಾನ್ಯವಾಗಿ 18 ಕ್ಯಾರೆಟ್, ಅಂದರೆ ನೂರಕ್ಕೆ 75 ಪಾಲು ಚಿನ್ನ. ಬಿಲ್ಲಿನಲ್ಲಿ ಚಿನ್ನದ ತೂಕ, ಹರಳಿನ ತೂಕ, ಮಜೂರಿ ಬೇರೆಬೇರೆ ಇರಲಿ. ಹರಳು ಗಣಿಯದೋ ಪ್ರಯೋಗಾಲಯದಲ್ಲಿ ಬೆಳೆಸಿದ್ದೋ ಎಂಬುದನ್ನೂ ಬರೆಸಿಕೊಳ್ಳಿ. ಬರಿಗಣ್ಣಿಗೆ ಎರಡೂ ಒಂದೇ, ಬೆಲೆ ಒಂದೇ ಅಲ್ಲ. ಮುಂದೆ ಮಾರಲು ಹೋದರೆ ಆ ಪುಟ್ಟ ಹರಳುಗಳಿಗೂ ಮಜೂರಿಗೂ ಸಿಗುವುದು ಅತ್ಯಲ್ಪ.

ಈ ಲೆಕ್ಕ ನಮ್ಮ ಸೀಮೆಗೆ ಸಣ್ಣದಲ್ಲ. ಮೆಣಸಿನಕಾಯಿ ದರ ಕುಸಿದು 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಬೆಂಕಿಯಾದದ್ದನ್ನು ಎಲ್ಲರೂ ಕಂಡಿದ್ದೇವೆ. ಅಂಥ ವರ್ಷ ‘ಉಂಗುರ ಬದಲಾಯಿಸುವ’ ಹೊಸ ಶಾಸ್ತ್ರ ಬಂದರೆ, ವರನ ಬೆರಳಿನ ಉಂಗುರದ ಸಾಲ ಹೊರುವವನು ಹೆಣ್ಣಿನ ತಂದೆ. ಕೇಳಿ ಪಡೆದ ಉಂಗುರ 1961ರ ಕಾಯ್ದೆಯ ಪ್ರಕಾರ ವರದಕ್ಷಿಣೆಯೇ. ಮುಸ್ಲಿಮರಲ್ಲಂತೂ ಗಂಡಸಿಗೆ ಚಿನ್ನ ನಿಷಿದ್ಧ. ಅದೇ ಕಾಯ್ದೆ ಮಹ್ರನ್ನು ವರದಕ್ಷಿಣೆಯಿಂದ ಹೊರಗಿಟ್ಟಿದೆ, ಏಕೆಂದರೆ ಅದು ವಧುವಿನ ಹಕ್ಕು. ವರನ ಕಡೆಯವರು ವಧುವಿಗೆ ತೊಡಿಸುವ ಉಂಗುರ ಬರೀ ಉಡುಗೊರೆಯೋ, ಮಹ್ರ್‌ನ ಭಾಗವೋ? ಮಾತುಕತೆಯ ದಿನವೇ ಹಿರಿಯರ ಎದುರು ಕೇಳಿ, ಉತ್ತರವನ್ನು ಬರೆದಿಡಿ.