ಮುದ್ದು ಕಟ್ಟಿನಲ್ಲಿ ಸಾವಿನ ಎಲೆ

ಈ ವಾರ ಕಾಗದ, ಕತ್ತರಿಗಳ ಬಗ್ಗೆ ಬರೆಯುವುದಾಗಿ ಹೇಳಿದ್ದೆ. ಅದು ಕೊನೆಗೆ ಬಂದೀತು. ಬೆಕ್ಕಿನ ಮರಿಗಳನ್ನೇ ಪಾತ್ರಗಳಾಗಿಟ್ಟುಕೊಂಡು ಮನೆಯಲ್ಲೇ ಟ್ಯಾರೋ ಕಟ್ಟು ಬರೆಯಲು ಕೂತವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಇಷ್ಟು ಮುದ್ದಾದ ಕಟ್ಟಿಗೆ ಡೆತ್ ಎಲೆ ಬೇಕೇ? ಡೆವಿಲ್, ಟವರ್, ಹೃದಯಕ್ಕೆ ಮೂರು ಕತ್ತಿ ನೆಟ್ಟ ಆ ಎಲೆ, ಇವನ್ನೆಲ್ಲ ಬಿಟ್ಟರಾಗದೇ?

ಆಗದು. ಚಿಟ್ಟೆಯೊಂದನ್ನು ಬಿಡಿಸಿ, ಕೆಳಗೆ ‘ಬದಲಾವಣೆ’ ಎಂದು ಬರೆದು ಸಾವನ್ನು ದಾಟಿಸಿಬಿಡುವ ಕಟ್ಟುಗಳ ಜೊತೆ ನನ್ನ ಜಗಳ ಹಳೆಯದು. ಈ ಅಂಕಣ ಓದುತ್ತ ಬಂದವರಿಗೆ ಅದು ಗೊತ್ತು. ಇವತ್ತು ಆ ಜಗಳವನ್ನು ಪೂರ್ತಿ ಆಡಿ ಮುಗಿಸುತ್ತೇನೆ.

15ನೇ ಶತಮಾನದ ಮಿಲಾನ್‌ನ ವಿಸ್ಕೊಂಟಿ-ಸ್ಫೋರ್ಜಾ ಕಟ್ಟನ್ನು ನೋಡಿ. ಡ್ಯೂಕರ ಮನೆತನಕ್ಕಾಗಿ ಚಿನ್ನದ ರೇಕು ಹೊದಿಸಿ ಬರೆದ ಎಲೆಗಳು. 78ರಲ್ಲಿ 74 ಇಂದಿಗೂ ಇವೆ. ಹೆಚ್ಚಿನವು ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿ ಮತ್ತು ಬೆರ್ಗಾಮೊದ ಕರಾರಾ ಅಕಾಡೆಮಿಯಲ್ಲಿ. ಇಲ್ಲದ ನಾಲ್ಕು ಯಾವುವು? ಡೆವಿಲ್, ಟವರ್, ಮೂರು ಕತ್ತಿ, ನಾಣ್ಯದ ನೈಟ್. ನಮ್ಮವರು ಬೇಡವೆನ್ನುವ ನಾಲ್ಕರಲ್ಲಿ ಮೂರು ಈ ಪಟ್ಟಿಯಲ್ಲಿವೆ. ಆದರೆ ಆ ಕಟ್ಟನ್ನು ನಮ್ಮ ಕಾಲದಲ್ಲಿ ಅಚ್ಚು ಹಾಕಿಸಿದವರು ಇದ್ದಷ್ಟೇ ಸಾಕು ಎನ್ನಲಿಲ್ಲ. ನಾಲ್ಕನ್ನೂ ಹೊಸದಾಗಿ ಬರೆಸಿ ಸೇರಿಸಿದರು.

ಇನ್ನು 1909ರಲ್ಲಿ ಕಲಾವಿದೆ ಪಮೇಲಾ ಕೋಲ್ಮನ್ ಸ್ಮಿತ್ ತನ್ನ ಟ್ಯಾರೋ ಕಟ್ಟಿಗೆ ಬರೆದ ಡೆತ್. ಈ ಎಲೆಯನ್ನು ಎಷ್ಟು ಸಲ ಕೈಗೆತ್ತಿಕೊಂಡರೂ ನನಗೆ ಸಾಲದು. ಬಿಳಿ ಕುದುರೆಯ ಮೇಲೆ ಕಪ್ಪು ಕವಚ ತೊಟ್ಟ ಅಸ್ಥಿಪಂಜರ. ರಾಜ ಆಗಲೇ ನೆಲಕ್ಕುರುಳಿದ್ದಾನೆ. ಬಿಷಪ್ ಎದುರು ನಿಂತು ಕೈಜೋಡಿಸಿದ್ದಾನೆ. ಮಂಡಿಯೂರಿದ ಹುಡುಗಿ ನೋಡಲಾರದೆ ಮುಖ ತಿರುಗಿಸಿದ್ದಾಳೆ. ಅವಳ ಪಕ್ಕದ ಪುಟ್ಟ ಮಗುವೊಂದೇ ತಲೆಯೆತ್ತಿ ಕುದುರೆಯ ಕಡೆ ನೇರ ನೋಡುತ್ತಿದೆ. ಮುದ್ದು ಕಟ್ಟು ಬರೆಯುವವರು ನಿಲ್ಲಬೇಕಾದ ಜಾಗ ಆ ಮಗುವಿನದು. ನಿಮ್ಮ ಮರಿ ಅಲ್ಲಿ ಕೂತು ಕುದುರೆಯನ್ನು ನೋಡಲಿ, ಕುದುರೆಯನ್ನು ಮಾತ್ರ ತೆಗೆಯಬೇಡಿ.

ಕಷ್ಟವಿರುವುದು ಮುಖದಲ್ಲಿ. ದೊಡ್ಡ ತಲೆ, ಉಬ್ಬಿದ ಹಣೆ, ಕೆಳಕ್ಕಿಳಿದ ದೊಡ್ಡ ಕಣ್ಣು, ತುಂಬಿದ ಕೆನ್ನೆ: ನೋಡಿದೊಡನೆ ನಮ್ಮ ಮನಸ್ಸು ಕರಗಿಸುವ ಈ ಲಕ್ಷಣಗಳನ್ನು ಪ್ರಾಣಿವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆಂಜ್ 1943ರಲ್ಲೇ ಗುರುತಿಸಿದ್ದ. ಅದೇ ಮುಖವನ್ನು 78 ಎಲೆಗೂ ಕೂರಿಸಿದರೆ ಅಳುವೂ ನಗುವೂ ಒಂದೇ ಆಗುತ್ತದೆ. ಹಾಗಾಗಿ ದುಃಖವನ್ನು ಕಿವಿ, ಬಾಲ, ಬೆನ್ನಿನಲ್ಲಿ ತೋರಿಸಿ. ಸ್ಮಿತ್‌ಳ ಐದು ಬಟ್ಟಲಿನ ಎಲೆ ಇದಕ್ಕೆ ಒಳ್ಳೆಯ ಪಾಠ. ಕರಿ ನಿಲುವಂಗಿಯ ಆ ವ್ಯಕ್ತಿಯ ಮುಖ ನಮಗೆ ಸರಿಯಾಗಿ ಕಾಣುವುದೇ ಇಲ್ಲ. ಬಾಗಿದ ತಲೆ, ಮುಂದೆ ಚೆಲ್ಲಿದ ಮೂರು ಬಟ್ಟಲು, ಹಿಂದೆ ಅವರು ನೋಡದೆ ಬಿಟ್ಟ ಎರಡು. ಮರಿಯನ್ನು ನಮಗೆ ಬೆನ್ನು ಹಾಕಿ ಕೂರಿಸಿ, ಮೂರು ಹಾಲಿನ ಬಟ್ಟಲು ಚೆಲ್ಲಿ, ಬಾಲವನ್ನು ನೆಲಕ್ಕೆ ಬಿಡಿ. ಸಾಕು.

ಅಂಕಿ ಎಲೆಗಳಿಗೆ ಚಿತ್ರಕಥೆ ಯಾಕೆ, ಚಿಹ್ನೆ ಎಣಿಸಿಟ್ಟರೆ ಸಾಲದೇ ಎಂದು ಫ್ರಾನ್ಸಿನ ಹಳೆಯ ಮಾರ್ಸೇ ಕಟ್ಟಿನ ಪಂಥದವರು ಕೇಳುತ್ತಾರೆ. ಚಿತ್ರಕಥೆ ಸ್ಮಿತ್ ತಂದ ಹೊಸ ಚಟವೆಂಬುದು ಅವರ ದೂರು. ಅದು ತಪ್ಪು, ಇಟಲಿಯ ಸೋಲಾ ಬುಸ್ಕಾ ಕಟ್ಟಿನ ಅಂಕಿ ಎಲೆಗಳಲ್ಲಿ 15ನೇ ಶತಮಾನದಲ್ಲೇ ಮನುಷ್ಯರಿದ್ದಾರೆ. ಆದರೂ ಚಿಹ್ನೆಯ ದಾರಿಯನ್ನೇ ಹಿಡಿಯುವವರು ಮಾರ್ಸೇಗಿಂತ ಮೊದಲು ನಮ್ಮ ಗಂಜೀಫಾ ಎಲೆಗಳನ್ನು ನೋಡಲಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಎಲೆಯಾಟಗಳ ಮೇಲಿನ ಒಲವಿನಿಂದ ಹೊಸ ಆಟಗಳನ್ನೇ ಕಟ್ಟಿ, ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ದಾಖಲಿಸಿಟ್ಟರು. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ದುಂಡನೆಯ ಎಲೆ. ಮತ್ಸ್ಯದ ಅಂಕಿ ಎಲೆಗಳಲ್ಲಿ ಪುಟ್ಟ ಪುಟ್ಟ ಮೀನು, ಕೂರ್ಮದಲ್ಲಿ ಆಮೆ. ಮುದ್ದುತನಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. ಬಟ್ಟಲಿನ ಬದಲು ಮೀನನ್ನೇ ಚಿಹ್ನೆಯಾಗಿ ಹಿಡಿಯಬಹುದು.

ಈಗ ಕಾಗದ. ಇಸ್ಪೀಟಿನ 63×88 ಮಿಲಿಮೀಟರ್ ಅಳತೆ ಹಿಡಿದರೆ ಎ4 ಹಾಳೆಗೆ 9 ಎಲೆ ಕೂರುತ್ತವೆ. 9 ಹಾಳೆಯಲ್ಲಿ ಕಟ್ಟು ಮುಗಿದು ಮೂರು ಎಲೆ ಮಿಗುತ್ತವೆ. ಟ್ಯಾರೋದ ವಾಡಿಕೆಯ 70×120 ಬೇಕೆಂದರೆ ಹಾಳೆಗೆ ಇನ್ನೂ ಕಡಿಮೆ ಎಲೆ, ಆದರೆ ಬಾಲ ಬಿಡಿಸಲು ಜಾಗ ಸಿಗುತ್ತದೆ. ನನ್ನ ಮತ ದೊಡ್ಡದಕ್ಕೆ. 300 ಜಿಎಸ್‌ಎಂ ಕಾಗದವನ್ನು ಮನೆಯ ಎಷ್ಟೋ ಪ್ರಿಂಟರ್‌ಗಳು ಎಳೆಯುವುದಿಲ್ಲ, ಡಿಜಿಟಲ್ ಪ್ರಿಂಟ್ ಅಂಗಡಿಗೆ ಹೋಗಿ. ಎಲೆಯ ಬೆನ್ನಿಗೆ ಅಂಚುಪಟ್ಟಿ ಬೇಡ. ಎರಡೂ ಬದಿ ಅಚ್ಚು ಹಾಕುವಾಗ ಒಂದು ಮಿಲಿಮೀಟರ್ ಸರಿದರೂ ಕಣ್ಣಿಗೆ ಹೊಡೆಯುತ್ತದೆ. ಬೆಕ್ಕಿನ ಮುಖವೂ ಬೇಡ. ಎಲೆ ತಲೆಕೆಳಗಾಗಿದೆಯೆಂದು ಬೆನ್ನು ನೋಡಿಯೇ ತಿಳಿದುಹೋದರೆ ಎಲೆ ಎತ್ತುವುದರಲ್ಲಿ ಅರ್ಥವಿಲ್ಲ. ಯಾವ ಕಡೆಯಿಂದ ಹಿಡಿದರೂ ಒಂದೇ ಆಗಿ ಕಾಣುವ ಚಿಕ್ಕ ಚುಕ್ಕಿಗಳು ಸಾಕು. ಮೂಲೆ ದುಂಡಗೆ ಮಾಡುವ ಪಂಚ್‌ಗಳ ವಿಚಾರ ಮುಂದಿನ ವಾರ.