ಗೋಡೆಯ ಮೇಲಿನ ಹಾವುಗಳು

ಬಿ.ಜಿ. ಕೆರೆಯ ಸುತ್ತಿನ ಹಳ್ಳಿಯೊಂದರ ಶಾಲೆಯಲ್ಲಿ ನಾನು ಪಾಠ ಹೇಳುವ ಕೋಣೆಯ ಗೋಡೆಗೆ ಒಂದು ಚಾರ್ಟು ತೂಗಿದೆ. ಹಿಂದೆ ಬಟ್ಟೆ ಅಂಟಿಸಿ, ಮೇಲೂ ಕೆಳಗೂ ಮರದ ಕೋಲು ಹಾಕಿದ ಹಳೆಯ ಕಾಲದ ಚಾರ್ಟು. 'ಉಭಯವಾಸಿಗಳು ಮತ್ತು ಸರೀಸೃಪಗಳು' ಎಂದು ಕೆಂಪಕ್ಷರದ ತಲೆಬರಹ. ಕೆಳಗೆ ಐದು ಸಾಲು, ಸಾಲಿಗೆ ನಾಲ್ಕು ಚೌಕ. ಚೌಕಕ್ಕೊಂದು ಪ್ರಾಣಿ. ನಾನು ವರ್ಗವಾಗಿ ಬಂದಾಗಲೇ ಅದು ಅಲ್ಲಿತ್ತು. ವಿಜ್ಞಾನದ ಟೀಚರು ಬಂದರು, ಹೋದರು. ಚಾರ್ಟು ಮಾತ್ರ ಉಳಿಯಿತು. ನಾನು ಓದಿದ್ದು ಬಿ.ಎ., ಬಿ.ಎಡ್. ಕನ್ನಡ, ಸಮಾಜ ವಿಜ್ಞಾನ ನನ್ನ ವಿಷಯಗಳು. ಆ ಚಾರ್ಟಿನ ಕಡೆ ಬೆನ್ನು ಮಾಡಿ ಎಷ್ಟೋ ವರ್ಷ ಪಾಠ ಮಾಡಿದ್ದೇನೆಯೇ ಹೊರತು ಒಂದು ದಿನವೂ ಅದನ್ನು ಓದಿರಲಿಲ್ಲ.

ಓದಬೇಕಾಗಿ ಬಂದದ್ದು 2017ರಲ್ಲಿ, ಶೇಂಗಾ ಕೀಳುವ ಕಾಲದಲ್ಲಿ. ಮಧ್ಯಾಹ್ನದ ಊಟದ ಗಂಟೆ ಆಗಿತ್ತು. ನಮ್ಮ ಶಾಲೆಯ ಹುಡುಗಿಯೊಬ್ಬಳ ತಾಯಿ ಪಕ್ಕದ ಹೊಲದಿಂದ ನೇರವಾಗಿ ಬಂದಳು. ಒಂದು ಕೈಯಲ್ಲಿ ಕಡ್ಡಿ, ಕಡ್ಡಿಯ ತುದಿಗೆ ಸತ್ತ ಹಾವು. ಇನ್ನೊಂದು ಕೈಯ ಬೆರಳನ್ನು ಸೆರಗಿನಲ್ಲಿ ಅದುಮಿ ಹಿಡಿದಿದ್ದಳು. ಕಿತ್ತು ಗುಡ್ಡೆ ಹಾಕಿದ್ದ ಬಳ್ಳಿಯನ್ನು ಎತ್ತುವಾಗ ಕಚ್ಚಿತಂತೆ.

"ಟೀಚರಮ್ಮ, ಇದು ಇಸದ್ದಾ ನೋಡ್ರಿ. ನಿಮ್ಮ ಪಟದಾಗೆ ಐತಾ?"

ನಾನು ಪಟ ನೋಡಿದೆ, ಹಾವು ನೋಡಿದೆ. ಹಾವು ನನ್ನ ಕಿರುಬೆರಳಿನ ದಪ್ಪ, ಒಂದು ಗೇಣಿಗಿಂತ ಸ್ವಲ್ಪ ಉದ್ದ. ಮಣ್ಣು ಮೆತ್ತಿದ ಕಂದು ಬಣ್ಣ. ಪಟದಲ್ಲಿದ್ದ ಹಾವುಗಳೆಲ್ಲ ದಪ್ಪ ದಪ್ಪ, ಎಣ್ಣೆ ಹಚ್ಚಿದಂತೆ ಹೊಳೆಯುವಂಥವು. "ಇದು ಯಾವುದೋ ಸಣ್ಣ ಮರಿ ಕಣಮ್ಮ, ಪಟದಲ್ಲಿಲ್ಲ" ಅಂದೆ. ಆಸ್ಪತ್ರೆಗೆ ಹೋಗಿ ತೋರಿಸು ಅಂತಲೂ ಅಂದೆ. ಆದರೆ ಅದನ್ನು ಎರಡನೆಯ ಮಾತಾಗಿ ಅಂದೆ. ಅವಳಿಗೆ ಕೇಳಿಸಿದ್ದು ಮೊದಲನೆಯದು. ಬೆರಳಿಗೊಂದು ಬಟ್ಟೆ ಸುತ್ತಿಕೊಂಡು ಮತ್ತೆ ಕಾಯಿ ಬಿಡಿಸಲು ಕೂತಳು.

ರಾತ್ರಿ ಹೊತ್ತಿಗೆ ಮೊಣಕೈಯವರೆಗೆ ಬಾವು ಏರಿತು, ವಸಡಿನಲ್ಲಿ ರಕ್ತ ಕಾಣಿಸಿಕೊಂಡಿತು. ಬೆಳಿಗ್ಗೆ ಟೆಂಪೋದಲ್ಲಿ ಹಾಕಿಕೊಂಡು ಹೋದರು. ಅಲ್ಲಿ ಗಾಜಿನ ನಳಿಗೆಗೆ ರಕ್ತ ತೆಗೆದು ಇಪ್ಪತ್ತು ನಿಮಿಷ ಇಟ್ಟು ನೋಡಿದರೆ ಹೆಪ್ಪುಗಟ್ಟಲೇ ಇಲ್ಲವಂತೆ. ಎಂಟು ದಿನ ಮಲಗಿ ಬದುಕಿ ಬಂದಳು. ಆ ಬೆರಳು ಮಾತ್ರ ಇಂದಿಗೂ ಪೂರ್ತಿ ಮಡಚುವುದಿಲ್ಲ.

ಅದಾದ ವಾರ ನಾನು ಸ್ಟೂಲು ಹಾಕಿಕೊಂಡು ನಿಂತು, ಕನ್ನಡಕ ಒರೆಸಿಕೊಂಡು, ಚಾರ್ಟನ್ನು ಚೌಕ ಚೌಕವಾಗಿ ನೋಡಿದೆ. ಆ ಹಾವು ಅಲ್ಲಿ ಇತ್ತು. ನಾಲ್ಕನೆಯ ಸಾಲಿನ ಮೂರನೆಯ ಚೌಕ: ಗರಗಸ ಮಂಡಲ. ಪಕ್ಕದ ಚೌಕದಲ್ಲಿ ಹೆಬ್ಬಾವು. ಎರಡೂ ಒಂದೇ ಗಾತ್ರ! ಹತ್ತು ಅಡಿ ಮೀರಿ ಬೆಳೆಯುವ ಹೆಬ್ಬಾವಿಗೂ, ನಮ್ಮ ಕಡೆ ಒಂದಡಿ, ಹೆಚ್ಚೆಂದರೆ ಒಂದೂವರೆ ಅಡಿ ಬೆಳೆಯುವ ಗರಗಸ ಮಂಡಲಕ್ಕೂ ಚಿತ್ರಕಾರ ಒಂದೇ ಚೌಕ ಕೊಟ್ಟು, ಚೌಕ ತುಂಬುವಂತೆ ಬರೆದುಬಿಟ್ಟಿದ್ದ. ಎಲ್ಲ ಮಕ್ಕಳಿಗೂ ಒಂದೇ ಅಳತೆಯ ಸಮವಸ್ತ್ರ ಹೊಲಿಸಿದ ಹಾಗೆ. ಮೈಮೇಲಿನ ಗುರುತುಗಳನ್ನು ತಪ್ಪಿಲ್ಲದೆ ಬರೆದಿದ್ದ ಅನ್ನಿ. ತಲೆಯ ಮೇಲೆ ಬಾಣದಂಥ ಬಿಳಿ ಗುರುತು, ಪಕ್ಕೆಯ ಉದ್ದಕ್ಕೂ ಅಲೆಅಲೆಯಾದ ತೆಳು ಗೆರೆ. ಆದರೆ ಗುರುತು ಹುಡುಕುವುದಕ್ಕೆ ಮುಂಚೆ ಕಣ್ಣು ನೋಡುವುದು ಗಾತ್ರವನ್ನು. ಗಾತ್ರದಲ್ಲೇ ತಪ್ಪಿದ ಮೇಲೆ ಗುರುತಿನ ತನಕ ಹೋಗುವವರು ಯಾರು? ನಾನಂತೂ ಹೋಗಲಿಲ್ಲ.

ಅಲ್ಲಿಂದ ಮುಂದೆ ಇಂಥ ಚಿತ್ರಗಳೆಂದರೆ ನನಗೆ ಒಂದು ಹುಚ್ಚೇ ಹಿಡಿಯಿತು. ಪಠ್ಯಪುಸ್ತಕ, ಕ್ಯಾಲೆಂಡರು, ಗ್ರಂಥಾಲಯದ ದೊಡ್ಡ ಪುಸ್ತಕ, ಎಲ್ಲಿ ಕಪ್ಪೆ, ಓತಿ, ಹಾವು ಕಂಡರೂ ನಿಂತು ನೋಡತೊಡಗಿದೆ. ಸೀರೆ ಅಂಗಡಿಯಲ್ಲಿ ನೋಡುವಷ್ಟೇ ಶ್ರದ್ಧೆಯಿಂದ.

ಮೊದಲು ಕಪ್ಪೆಯನ್ನೇ ತೆಗೆದುಕೊಳ್ಳಿ. ಚಿತ್ರದ ಕಪ್ಪೆ ಯಾವಾಗಲೂ ಹಸಿರು, ಕೂತಿರುವುದು ತಾವರೆ ಎಲೆಯ ಮೇಲೆ. ನಮ್ಮ ಮೊಳಕಾಲ್ಮುರು, ಚಳ್ಳಕೆರೆ ಸೀಮೆಯಲ್ಲಿ ಕೆರೆಗೆ ನೀರು ಬರುವುದೇ ಒಂದು ಹಬ್ಬ. ತಾವರೆಯ ಮಾತು ದೂರ. ಬರದ ನಾಡಿನ ಕಪ್ಪೆಯ ಬಾಳು ಬೇರೆ ಥರ. ಹಿಂಗಾಲಿನಲ್ಲಿ ಗುದ್ದಲಿಯಂಥ ಗಟ್ಟಿ ಗಂಟು ಇರುವ ಕಪ್ಪೆಯೊಂದಿದೆ. ಹಿಮ್ಮುಖವಾಗಿ ಮಣ್ಣು ತೋಡುತ್ತ ಒಳಗಿಳಿದು ಬಿಸಿಲುಗಾಲವನ್ನೆಲ್ಲ ಅಲ್ಲೇ ಕಳೆಯುತ್ತದೆ, ಮೊದಲ ಮಳೆಗೆ ಎದ್ದು ಬರುತ್ತದೆ. ದೊಡ್ಡ ಗೂಳಿಗಪ್ಪೆಯ ಗಂಡು ಮುಂಗಾರಿನ ನಾಲ್ಕು ದಿನ ಅರಿಸಿನ ಬಳಿದುಕೊಂಡಂತೆ ಹಳದಿಯಾಗಿ, ಗಂಟಲ ಎರಡೂ ಕಡೆ ನೀಲಿ ಚೀಲ ಊದಿಸಿ ಕೂಗುತ್ತದೆ. ನೋಡಿದವರಿಗೆ ಮದುಮಗನ ನೆನಪಾಗಬೇಕು. ಇವೆರಡೂ ನಮ್ಮ ಚಾರ್ಟಿನಲ್ಲಿಲ್ಲ. ಮೊಟ್ಟೆ, ಗೊದಮೊಟ್ಟೆ, ಕಾಲು ಬಂದ ಗೊದಮೊಟ್ಟೆ, ಕಪ್ಪೆ ಎಂದು ಬಾಣದ ಗುರುತು ಹಾಕಿದ ವೃತ್ತ ಮಾತ್ರ ಎಲ್ಲ ಪುಸ್ತಕದಲ್ಲೂ ಇದೆ. ಬಿ.ಎಡ್. ಓದುವಾಗ ಸಹಪಾಠಿಯೊಬ್ಬಳಿಗಾಗಿ ನಾನೇ ಅದನ್ನು ಡ್ರಾಯಿಂಗ್ ಹಾಳೆಯ ಮೇಲೆ ಬಿಡಿಸಿ ಕೊಟ್ಟಿದ್ದೆ.

ಒಳ್ಳೆಯ ಚಿತ್ರಗಳೂ ಬಂದಿವೆ, ಇಲ್ಲವೆನ್ನಲಾರೆ. ಕೆ.ವಿ. ಗುರುರಾಜ ಅವರು 2012ರಲ್ಲಿ ಪಶ್ಚಿಮ ಘಟ್ಟದ ಕಪ್ಪೆಗಳ ಚಿತ್ರ ಕೈಪಿಡಿಯನ್ನು ಇಂಗ್ಲಿಷಿನಲ್ಲಿ ತಂದರು. ಅವರೂ ಸಂಗಡಿಗರೂ 2014ರಲ್ಲಿ ಉತ್ತರ ಕನ್ನಡದ ಕತ್ತಲೆಕಾನಿನ ಹೊಸ ಕಪ್ಪೆಯೊಂದಕ್ಕೆ 'ಕುಂಬಾರ' ಎಂದೇ ಹೆಸರಿಟ್ಟರು. ಗಂಡು ಕಪ್ಪೆ ಹಿಂಗಾಲ ಮೇಲೆ ನಿಂತು, ಮುಂಗೈಯಲ್ಲಿ ಕೆಸರು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತದೆ. ಲ್ಯಾಟಿನ್ ಹೆಸರಿನ ನಡುವೆ ನಮ್ಮ ಕುಂಬಾರ ಕೂತಿರುವುದು ನೋಡಿ ಹೆಮ್ಮೆಯೆನಿಸಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಕ್ಯಾಮರಾ ಹೊತ್ತವರೆಲ್ಲ ಘಟ್ಟ ಹತ್ತುತ್ತಾರೆ. ಬಯಲುಸೀಮೆಯ ಕಪ್ಪೆಯ ಮನೆಗೆ ನೆಂಟರು ಬರುವುದು ಕಡಿಮೆ. 2020ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸಿಕ್ಕ ಮಣ್ಣು ತೋಡುವ ಕಪ್ಪೆಗೆ ಬೆಂಗಳೂರಿನ ಹೆಸರನ್ನೇ ಇಟ್ಟ ಸುದ್ದಿ ಓದಿದಾಗ, ಸದ್ಯ, ಬಯಲಿನ ಕಡೆಗೂ ಒಬ್ಬರು ಬಗ್ಗಿ ನೋಡಿದರಲ್ಲ ಎನ್ನಿಸಿತು.

ಓತಿಯದು ಇನ್ನೊಂದು ಕಥೆ. ಚಾರ್ಟಿನಲ್ಲಿ ಓತಿಕ್ಯಾತನ ಚಿತ್ರ ಬರೆದು ಕೆಳಗೆ 'ಗೋಸುಂಬೆ' ಎಂದು ಅಚ್ಚು ಹಾಕಿದ್ದಾರೆ. ನಿಜವಾದ ಗೋಸುಂಬೆಯ ಬಾಲ ಸುರುಳಿ, ಎರಡು ಕಣ್ಣು ಎರಡು ದಿಕ್ಕಿಗೆ ತಿರುಗುತ್ತವೆ. ಬೇಲಿಯ ಮೇಲೆ ತಲೆಯಾಡಿಸುವ ಓತಿಗೂ ಅದಕ್ಕೂ ಸಂಬಂಧ ದೂರದ್ದು. ಒಮ್ಮೆ ಮಕ್ಕಳನ್ನು ನಮ್ಮ ತಾಲ್ಲೂಕಿನ ಅಶೋಕ ಸಿದ್ದಾಪುರಕ್ಕೆ ಕರೆದೊಯ್ದಿದ್ದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಶಾಸನಗಳ ಬಗ್ಗೆ ಗಂಟಲು ಹರಿಯುವಂತೆ ಹೇಳುತ್ತಿದ್ದರೆ, ಮಕ್ಕಳೆಲ್ಲ ಎದುರಿನ ಬಂಡೆ ನೋಡುತ್ತಿದ್ದರು. ಬೆನ್ನು ಕೆಂಪು, ಪಕ್ಕೆ ಕಪ್ಪು, ಬಂಡೆಯ ಮೇಲೆ ದಂಡ ಹೊಡೆಯುವ ಒಂದು ಓತಿ. ಆವತ್ತು ಗದರಿಸಿದೆ. ಈಗ ನೆನೆದರೆ ಮಕ್ಕಳ ಕಡೆಯೂ ನ್ಯಾಯವಿತ್ತು ಅನ್ನಿಸುತ್ತದೆ. ಆ ಬಣ್ಣದ್ದು ಗಂಡು. ಹೆಣ್ಣು ಬಂಡೆಯದೇ ಬಣ್ಣ, ಪಕ್ಕದಲ್ಲಿದ್ದರೂ ಕಾಣದು. ಪುಸ್ತಕಗಳಲ್ಲಿ ಹುಡುಕಿದೆ, ಹತ್ತು ಗಂಡು ಓತಿಯ ಚಿತ್ರಕ್ಕೆ ಒಂದು ಹೆಣ್ಣಿನದು ಸಿಕ್ಕರೆ ಹೆಚ್ಚು. ಅಲ್ಲೂ ಹಾಗೇನೇ!

ಇನ್ನು ಹಲ್ಲಿಗೆ ನಮ್ಮ ಪಂಚಾಂಗದಲ್ಲಿ ಒಂದು ಇಡೀ ಪಟ್ಟಿಯೇ ಇದೆ. ತಲೆಯ ಮೇಲೆ ಬಿದ್ದರೆ ಏನು, ಎಡಭುಜದ ಮೇಲೆ ಬಿದ್ದರೆ ಏನು ಎಂದು. ಬಿದ್ದದ್ದು ಯಾವ ಹಲ್ಲಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಮ್ಮ ಮನೆಗಳ ಹಲ್ಲಿಯಾಗಲಿ, ಓತಿಯಾಗಲಿ, ಕಂಡೊಡನೆ ನಾವು ಪೊರಕೆ ಹುಡುಕುವ ಹಾವುರಾಣಿಯಾಗಲಿ ವಿಷದವಲ್ಲ. ಚಾರ್ಟಿನ ಹಾವುರಾಣಿಗೆ ಚಿತ್ರಕಾರ ಕೆಂಪು ನಾಲಿಗೆ ಚಾಚಿಸಿ, ಕಣ್ಣು ಕೆರಳಿಸಿ, ಅದಕ್ಕಿಲ್ಲದ ಸಿಟ್ಟನ್ನೆಲ್ಲ ತುಂಬಿದ್ದಾನೆ.

ಹಾವಿನ ಚಿತ್ರಗಳಿಗೆ ಮತ್ತೆ ಬರುತ್ತೇನೆ. ನಾಗರಹಾವೆಂದರೆ ನಮ್ಮ ಜಿಲ್ಲೆಯವರಿಗೆ ಮೊದಲು ನೆನಪಾಗುವುದು 1972ರ ಪುಟ್ಟಣ್ಣನವರ ಸಿನಿಮಾ, ದುರ್ಗದ ಕೋಟೆ. ಅದಿರಲಿ. ಚಿತ್ರದ ನಾಗರ ಹೆಡೆ ಬಿಚ್ಚದೆ ಇರುವುದೇ ಇಲ್ಲ. ಕ್ಯಾಲೆಂಡರಿನಲ್ಲಿ ಶಿವನ ಕೊರಳಲ್ಲೂ ಹೆಡೆ, ಕೆರೆ ಏರಿಯ ನಾಗರಕಲ್ಲಿನಲ್ಲೂ ಹೆಡೆ. ಪಂಚಮಿಗೆ ನಾನೂ ಆ ಕಲ್ಲಿಗೆ ತನಿ ಎರೆಯುವವಳೇ. ಹಾವು ಹಾಲು ಕುಡಿಯುವುದಿಲ್ಲವೆಂಬುದು ಗೊತ್ತು, ಕಲ್ಲಿಗೆ ಎರೆದರೆ ಹಾವಿಗೇನೂ ತೊಂದರೆಯಿಲ್ಲವಲ್ಲ. ಆದರೆ ಹೊಲದಲ್ಲಿ ಹರಿದು ಹೋಗುವ ನಾಗರ ಹೆಡೆ ಮಡಿಸಿಕೊಂಡೇ ಇರುತ್ತದೆ. ಆಗ ಅದನ್ನು ಕೇರೆ ಎಂದುಕೊಳ್ಳುವವರುಂಟು. ಕೇರೆಯನ್ನು ನಾಗರವೆಂದು ಬಡಿಯುವವರು ಇನ್ನೂ ಹೆಚ್ಚು. ಎರಡು ಗಂಡು ಕೇರೆಗಳು ಜಟಾಪಟಿಗಿಳಿದಾಗ ಹೆಣೆದುಕೊಂಡು ಮೇಲೇಳುವುದನ್ನು ನಮ್ಮೂರಲ್ಲಿ ನಾಗರಕ್ಕೂ ಕೇರೆಗೂ ಮಿಲನ ಎನ್ನುತ್ತಾರೆ. ಅದು ಇಬ್ಬರು ಗಂಡಸರ ಕುಸ್ತಿ ಎಂದರೆ ನನ್ನ ಅತ್ತೆ ಕೊನೆಯವರೆಗೂ ಒಪ್ಪಲಿಲ್ಲ.

ಕಟ್ಟುಹಾವಿನ ಚೌಕದಲ್ಲಿ ಇನ್ನೂ ದೊಡ್ಡ ಎಡವಟ್ಟು ಇದೆ. ಕಟ್ಟುಹಾವಿಗೆ ತಲೆಯ ಹಿಂದೆ ಸ್ವಲ್ಪ ದೂರ ಪಟ್ಟೆ ಮಂಕು, ಬಾಲದ ಕಡೆ ಸ್ಪಷ್ಟ. ಪಟ್ಟೆಗಳು ಬಹುಮಟ್ಟಿಗೆ ಜೋಡಿ ಜೋಡಿ. ವಿಷವಿಲ್ಲದ ತೋಳಹಾವಿಗೆ ಅದರ ತಿರುಗುಮುರುಗು: ಕತ್ತಿನ ಕಡೆ ಪಟ್ಟೆ ಎದ್ದು ಕಾಣುತ್ತದೆ, ಬಾಲದ ಕಡೆ ಮಾಸುತ್ತದೆ. ನಮ್ಮ ಚಿತ್ರಕಾರ ತೋಳಹಾವನ್ನು ಬರೆದು ಕಟ್ಟುಹಾವೆಂದು ಹೆಸರಿಟ್ಟಿದ್ದಾನೆ. ನೆಲದ ಮೇಲೆ ಮಲಗುವವರನ್ನು ರಾತ್ರಿ ನಿದ್ದೆಯಲ್ಲೇ ಕಚ್ಚುವ ಹಾವಿನ ವಿಷಯದಲ್ಲಿ ಇಂಥ ತಪ್ಪು!

ನಾನು ನೋಡಿದವುಗಳಲ್ಲಿ ತುಂಬ ಮೆಚ್ಚಿದ್ದು ಎರಡು. ಒಂದು ಬಹಳ ಹಳೆಯದು. ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ವಿಶಾಖಪಟ್ಟಣದ ಕಡೆ ಇದ್ದು ಹಾವುಗಳನ್ನು ಕೂಡಿಹಾಕಿ 1796ರಲ್ಲಿ ಪುಸ್ತಕ ತಂದ. ಅದರ ಹಾಳೆಗಳನ್ನು ಮಗಳು ಫೋನಿನಲ್ಲಿ ತೋರಿಸಿದಳು. ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ಈಗ ಆತನದೇ ಹೆಸರು. ಆತ ಮಾತ್ರ ಆ ಕಡೆಯ ಜನ ಕರೆಯುತ್ತಿದ್ದ ತೆಲುಗು ಹೆಸರನ್ನೇ ಬರೆದುಕೊಂಡಿದ್ದ: 'ಕಾಟುಕ ರೇಕುಲ ಪೊಡ'. ನಮ್ಮದು ಗಡಿ ತಾಲ್ಲೂಕು, ಅರ್ಧ ಊರಿಗೆ ತೆಲುಗು ಬರುತ್ತದೆ. ಕಾಡಿಗೆಯ ಎಸಳುಗಳ ಮಚ್ಚೆ ಎಂದರ್ಥ. ಬೆನ್ನ ಮೇಲೆ ಮೂರು ಸಾಲಾಗಿ ಕಾಡಿಗೆ ತೀಡಿದ ಎಸಳುಗಳು. ಒಮ್ಮೆ ಆ ಹೆಸರು ಕೇಳಿದ ಹೆಂಗಸು ಆ ಹಾವನ್ನು ಮರೆಯುವುದುಂಟೇ? ಬಣ್ಣದ ಚಿತ್ರ ಮಾಡಲಾಗದ ಕೆಲಸವನ್ನು ಮೂರು ಮಾತಿನ ಹೆಸರು ಮಾಡಿದೆ.

ಇನ್ನೊಂದು ರೋಮುಲಸ್ ವಿಟೇಕರ್ ಮತ್ತು ಅಶೋಕ್ ಕ್ಯಾಪ್ಟನ್ ಅವರ 2004ರ ಭಾರತದ ಹಾವುಗಳ ಕೈಪಿಡಿ, ಇದೂ ಇಂಗ್ಲಿಷಿನಲ್ಲೇ. ಫೋಟೋಗಳು ಎಷ್ಟು ಚೊಕ್ಕವೆಂದರೆ ಒಂದೊಂದು ಹುರುಪೆಯನ್ನೂ ಎಣಿಸಬಹುದು. ಗರಗಸ ಮಂಡಲ ಪಕ್ಕೆಯ ಗರಗಸದಂಥ ಹುರುಪೆಗಳನ್ನು ತಿಕ್ಕಿ ಸರಸರ ಸದ್ದು ಮಾಡುವುದು ಹೇಗೆಂದು ನನಗೆ ಅರ್ಥವಾದದ್ದು ಅಂಥ ಚಿತ್ರ ನೋಡಿಯೇ. ಆದರೂ ಒಂದು ತಕರಾರಿದೆ. ಉದ್ದವೆಷ್ಟೆಂದು ಅಕ್ಷರದಲ್ಲಿ ಬರೆದಿದ್ದಾರೆ. ಕ್ಯಾಮರಾ ಮಾತ್ರ ಹತ್ತಿರ ಹೋಗಿ ಹೋಗಿ ಎಲ್ಲ ಹಾವನ್ನೂ ಪುಟದಷ್ಟು ಮಾಡಿದೆ. ಓದು ಬಾರದವಳು ಚಿತ್ರವನ್ನಷ್ಟೇ ನೋಡುತ್ತಾಳೆ. ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ ಇಟ್ಟಿದ್ದರೆ ಆಗುತ್ತಿತ್ತು.

ಕಚ್ಚಿದ ಮೇಲೆ ಚಿತ್ರ ನೋಡಿ ಆಗಬೇಕಾದ್ದೇನೂ ಇಲ್ಲ. ಅದು ನನಗೆ ಈಗ ತಿಳಿದಿದೆ. ನಮ್ಮ ಆಸ್ಪತ್ರೆಗಳ ಪ್ರತಿವಿಷ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಹಾವನ್ನು ಹುಡುಕಿ ಬಡಿದು ತರುವ ಹೊತ್ತಿನಲ್ಲಿ ಆಸ್ಪತ್ರೆ ಸೇರಬೇಕು. 2000ದಿಂದ 2019ರವರೆಗೆ ಈ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷವೆಂದು 2020ರ ಅಧ್ಯಯನವೊಂದು ಅಂದಾಜು ಮಾಡಿತು. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕೆಂದು ಆದೇಶ ಹೊರಡಿಸಿತು. ಚಿತ್ರದ ಕೆಲಸವೆಲ್ಲ ಕಚ್ಚುವುದಕ್ಕೆ ಮುಂಚಿನದು. ಇಷ್ಟೇ ಇಷ್ಟು ಇರುತ್ತದೆ, ಮಣ್ಣಿನ ಬಣ್ಣ, ಬಳ್ಳಿಯ ಗುಡ್ಡೆಯ ಕೆಳಗೆ, ಕಲ್ಲಿನ ಸಂದಿಯಲ್ಲಿ ಇರುತ್ತದೆ ಎಂದು ಕಣ್ಣಿಗೆ ಮೊದಲೇ ಹೇಳಿಕೊಟ್ಟಿದ್ದರೆ ಕೈ ತಾನಾಗಿ ಕೋಲು ಹುಡುಕುತ್ತದೆ.

ಚಾರ್ಟನ್ನು ನಾನು ತೆಗೆಸಲಿಲ್ಲ. ದಾಸ್ತಾನು ಪುಸ್ತಕದಲ್ಲಿ ನಮೂದಾದ ವಸ್ತು; ತೆಗೆದರೆ ಅದಕ್ಕೊಂದು ಪತ್ರವ್ಯವಹಾರ. ಅದರ ಬದಲು ಶಾಲೆಯ ಜಗಲಿಯ ಮೇಲೆ ಮಕ್ಕಳಿಂದ ಸೀಮೆಸುಣ್ಣದಲ್ಲಿ ನಿಜವಾದ ಅಳತೆಗೆ ಬರೆಸಿದೆ. ಹೆಬ್ಬಾವು ಆಫೀಸು ಕೋಣೆಯ ಬಾಗಿಲಿನಿಂದ ಹೊರಟು ಆರನೇ ತರಗತಿಯ ಕಿಟಕಿ ದಾಟಿತು. ಕೇರೆಗೆ ಎರಡು ಕಂಬದ ನಡುವೆ ಜಾಗ ಸಾಲಲಿಲ್ಲ. ಗೂಳಿಗಪ್ಪೆ ಅಂಗೈ ತುಂಬ, ಇನ್ನೊಂದು ಪುಟ್ಟ ಕಪ್ಪೆ ಹೆಬ್ಬೆರಳಿನ ಉಗುರಿನಷ್ಟು. ಗರಗಸ ಮಂಡಲಕ್ಕೆ ಸ್ಕೇಲನ್ನು ನೆಲದ ಮೇಲಿಟ್ಟು ಅದರ ಪಕ್ಕಕ್ಕೇ ಒಂದು ಗೆರೆ ಎಳೆದರು, ಅಷ್ಟೇ. "ಮಿಸ್, ಇಷ್ಟೇನಾ?" ಎಂದು ಎಲ್ಲರೂ ಬಗ್ಗಿ ಬಗ್ಗಿ ನೋಡಿದರು.

ಆವತ್ತು ಸಂಜೆ ಮಗಳನ್ನು ಕರೆದೊಯ್ಯಲು ಆ ತಾಯಿ ಬಂದಿದ್ದಳು. ಹೆಬ್ಬಾವನ್ನು ದಾಟಿ, ಕೇರೆಯನ್ನು ದಾಟಿ, ಸ್ಕೇಲಿನ ಹತ್ತಿರ ಬಂದು ನಿಂತಳು. ತುಸು ಹೊತ್ತು ನೋಡಿ, ಆ ಮಡಚದ ಬೆರಳನ್ನೇ ಗೆರೆಯ ಮೇಲಿಟ್ಟು ಹೇಳಿದಳು: "ಇನ್ನೂ ಚೂರು ಸಣ್ಣಗಿತ್ತು ಟೀಚರಮ್ಮ."

ಮಗಳು ಕೂತು ಅರ್ಧ ಇಂಚು ಅಳಿಸಿದಳು.