ಆರು ನಾಟಕಗಳ ಪುರಾವೆ

ನಟನೆ ಕಲಿಸಿದರೆ ಬರುತ್ತದೋ, ಹುಟ್ಟಿನಿಂದ ಬರುತ್ತದೋ ಎಂಬ ಚರ್ಚೆ ಪಟ್ಟಣದ ಪತ್ರಿಕೆಗಳಲ್ಲಿ ಆಗಾಗ ಏಳುತ್ತದೆ. ಹೊಟ್ಟೆ ತುಂಬಿದವರ ಚರ್ಚೆ ಅದು, ನಡೆಯಲಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕೇರಿಗಳಲ್ಲಿ ಬೆಳೆದ ನಮಗೆ ಇರುವ ಪ್ರಶ್ನೆಯೇ ಬೇರೆ. ನಾವು ಕಲಿತದ್ದನ್ನು ಕಲಿಕೆ ಎಂದು ಒಪ್ಪುವವರು ಯಾರು? ಆ ಒಪ್ಪಿಗೆಯ ಠಸ್ಸೆ ಯಾರ ಕೈಯಲ್ಲಿ ಐತಿ?

ನಮ್ಮ ಗೆಳೆಯನೊಬ್ಬನಿದ್ದಾನೆ. ರಾಯಬಾಗ ತಾಲೂಕಿನವನು. ಅಪ್ಪ ಹಲಗಿ ಬಾರಿಸುವವನು, ಅವ್ವ ಕಬ್ಬಿನ ಗ್ಯಾಂಗಿನವಳು. ಆ ಮನೆಯಿಂದ ಮೊದಲ ಸಲ ಬಿ.ಎ. ಪಾಸಾದವನು ಇವನೇ. ಹತ್ತನೇ ವಯಸ್ಸಿನಿಂದ ಪಾರಿಜಾತದ ಮೇಳದ ಹಿಂದೆ ತಿರುಗಿದವನು, ದೂತಿಯ ಪಾತ್ರ ಕಟ್ಟಿ ಬೆಳತನಕ ಮಂದಿಯನ್ನು ನಗಿಸಿದವನು. ಅವನು ಒಂದು ನಾಟಕ ಶಾಲೆಯ ಸಂದರ್ಶನಕ್ಕೆ ಹೋದ. ಯಾವ ನಾಟಕ ಮಾಡಿದ್ದೀ ಎಂದು ಕೇಳಿದರಂತೆ. ‘ಪಾರಿಜಾತ ಆಡೀನ್ರಿ’ ಎಂದ. ‘ಅದಲ್ಲಪ್ಪ, ನಾಟಕ?’ ಎಂದರಂತೆ. ಆಮೇಲೆ ಒಂದು ಪುಟ ಓದಿಸಿ, ಉಚ್ಚಾರ ತಿದ್ದಿಕೊಂಡು ಮುಂದಿನ ವರ್ಷ ಬಾ ಎಂದು ಕಳಿಸಿದರು. ಅವನು ಮುಂದಿನ ವರ್ಷ ಹೋಗಲಿಲ್ಲ. ಈಗ ಸಕ್ಕರೆ ಕಾರ್ಖಾನೆಯ ಸೀಜನ್ ಕೆಲಸದಲ್ಲಿದ್ದಾನೆ.

‘ಅದಲ್ಲಪ್ಪ, ನಾಟಕ?’ ಎಂಬ ಈ ಏಳಕ್ಷರದ ತಾತ್ಸಾರವನ್ನೇ ನಾವು ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿದ್ದೇವೆ.

ಪಾರಿಜಾತ ಏನೆಂಬುದನ್ನು ಈ ಭಾಗದ ಓದುಗರಿಗೆ ಹೇಳಬೇಕಾಗಿಲ್ಲ. ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ಅದನ್ನು ಆಟವಾಗಿ ಬೆಳೆಸಿದ. ಕೌಜಲಗಿ ನಿಂಗಮ್ಮನಂಥವರು ಅದರಲ್ಲಿ ನಾಡೇ ಹೆಸರು ಹೇಳುವಂತೆ ಆಡಿದರು. ಅದರಲ್ಲಿ ಭಾಗವತ ಕತೆ ಹೇಳುತ್ತಾನೆ, ಹಾಡುತ್ತಾನೆ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ತಾನೇ ದೂತಿಯಾಗಿ ಸತ್ಯಭಾಮೆಯ ಸೊಕ್ಕನ್ನು ಕೆಣಕುತ್ತಾನೆ, ಮತ್ತೆ ಹೊರಗೆ ಬಂದು ಮಂದಿಯ ಕಡೆ ತಿರುಗುತ್ತಾನೆ. ಪಾತ್ರದ ಒಳಗೆ ಹೋಗುವುದು, ಹೊರಗೆ ಬರುವುದು, ಹೊರಗೆ ನಿಂತು ಪಾತ್ರವನ್ನು ನೋಡುವುದು. ಜರ್ಮನಿಯ ಬ್ರೆಕ್ಟ್ ಇಂಥದ್ದನ್ನೇ ಬೇರೆ ಕಾರಣಕ್ಕೆ, ಬೇರೆ ದಾರಿಯಿಂದ ಹುಡುಕಿದ. ಅವನ ಹೆಸರಿನಲ್ಲಿ ಶಾಲೆಗಳು ವಾರಗಟ್ಟಲೆ ಪಾಠ ಮಾಡುತ್ತವೆ. ಮಾಡಲಿ. ಆದರೆ ಅದನ್ನು ಮೈಯಲ್ಲಿ ಹೊತ್ತುಕೊಂಡು ಬಂದ ಹುಡುಗ ಬಾಗಿಲಲ್ಲಿ ನಿಂತಾಗ ಗುರುತು ಸಿಗದಿದ್ದರೆ, ಆ ಪಾಠ ಯಾರ ಸಲುವಾಗಿ?

ತರಬೇತಿ ಶಾಲೆಗಳ ಮೇಲೆ ನಮಗೆ ಹಗೆಯಿಲ್ಲ. 1959ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ನಾಟಕ ಶಾಲೆ ಹುಟ್ಟಿತು. 1980ರಲ್ಲಿ ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ ತೆರೆದು, ಕನ್ನಡದಲ್ಲೇ ನಟನೆ ಕಲಿಸಬಹುದೆಂದು ತೋರಿಸಿಕೊಟ್ಟರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಬಂತು, ಆಮೇಲೆ ಧಾರವಾಡಕ್ಕೂ ಬಂತು. ಸಾಣೇಹಳ್ಳಿಯಲ್ಲಿ ಶಾಲೆ ಐತಿ, ಬೆಂಗಳೂರಿನಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರವೂ ಐತಿ. ನಟನಿಗೆ ಉಸಿರು, ದನಿ, ನಡಿಗೆ, ಬೆಳಕು, ಜಗತ್ತಿನ ನಾಟಕಗಳ ಓದು, ಇವೆಲ್ಲ ಬೇಕು. ಬೇಡವೆಂದು ಹೇಳುವವನು ನಮ್ಮ ಮಕ್ಕಳನ್ನು ಜಾತ್ರೆಯ ಕಟ್ಟೆಯ ಮೇಲೇ ಕೂಡಿಸಿಡುವ ಹುನ್ನಾರ ಮಾಡುತ್ತಿದ್ದಾನೆ.

ಆದರೆ ಬಾಗಿಲಿನ ಅಳತೆಯನ್ನು ನೋಡಬೇಕು. ದೆಹಲಿಯ ಮೂರು ವರ್ಷದ ಶಿಕ್ಷಣಕ್ಕೆ ಪದವಿ ಬೇಕು, ಕಮ್ಮಿಯೆಂದರೆ ಆರು ನಾಟಕಗಳಲ್ಲಿ ಭಾಗವಹಿಸಿದ ಅನುಭವ ಬೇಕು, ಹಿಂದಿ-ಇಂಗ್ಲಿಷ್ ತಿಳಿದಿರಬೇಕು. ಮೀಸಲಾತಿ ಐತಿ, ವಿದ್ಯಾರ್ಥಿವೇತನವೂ ಐತಿ, ಇಲ್ಲವೆನ್ನುವುದಿಲ್ಲ. ತಕರಾರು ಇರುವುದು ಆ ಆರು ನಾಟಕಗಳಲ್ಲಿ. ಪಟ್ಟಣದ ಹವ್ಯಾಸಿ ತಂಡದ ಹುಡುಗನಿಗೆ ಆಮಂತ್ರಣ ಪತ್ರಿಕೆ ಇರುತ್ತದೆ, ಫೋಟೋ ಇರುತ್ತದೆ, ಪತ್ರಿಕೆಯ ವಿಮರ್ಶೆಯ ಚೂರು ಇರುತ್ತದೆ. ಕೇರಿಯ ಹುಡುಗ ಅರವತ್ತು ರಾತ್ರಿ ಆಡಿರಬಹುದು. ಅವನ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಬೆಳಗಾದ ಮೇಲೆ ಕೊಟ್ಟ ಜೋಳಕ್ಕೆ ಯಾರು ರಸೀದಿ ಬರೆಯುತ್ತಾರೆ?

ಇನ್ನು ಉಚ್ಚಾರದ ಮಾತು. ನಮ್ಮ ಸೀಮೆಯ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಬೆಳಗಾವಿ ಕಡೆಯ ಮಾತಿನಲ್ಲೇ ‘ಜೋಕುಮಾರಸ್ವಾಮಿ’ ಬರೆದರು. 1972ರಲ್ಲಿ ಬಿ.ವಿ. ಕಾರಂತರು ಅದನ್ನು ಬೆಂಗಳೂರಿನಲ್ಲಿ ಆಡಿಸಿದಾಗ ಪಟ್ಟಣದ ನಟರು ನಮ್ಮ ಮಾತಿನ ಏರಿಳಿತವನ್ನು ಕಲಿಯಬೇಕಾಯಿತು. ಅದೇ ಕಂಬಾರರು ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ಅಧ್ಯಕ್ಷರೂ ಆದರು. ಅಂದರೆ ನಮ್ಮ ನಾಲಿಗಿ ಅವರಿಗೆ ಪಾಠ ಆತು, ನಮಗ ಮಾತ್ರ ದೋಷ ಆತು! ಸಿನಿಮಾ, ಧಾರಾವಾಹಿಗಳಲ್ಲಂತೂ ‘ಏನ್ರೀಪಾ’ ಎನ್ನುವವನು ಬಂದರೆ ಅವನು ಅಡಿಗೆಯವನೋ ಕಾವಲುಗಾರನೋ ಆಗಿರುತ್ತಾನೆ, ನಗೆಪಾಟಲಾಗುವುದೇ ಅವನ ಕೆಲಸ. ಅವನು ಅಳುವುದಿಲ್ಲ, ಪ್ರೀತಿಸುವುದಿಲ್ಲ, ಸಿಟ್ಟಾಗುವುದಿಲ್ಲ. ಒಂದು ಸೀಮೆಯ ಮಂದಿಗೆ ಸಿಟ್ಟಿನ ಪಾತ್ರವನ್ನೇ ಕೊಡದಿರುವುದು ರಾಜಕೀಯವಲ್ಲದೆ ಮತ್ತೇನು?

ಇಷ್ಟು ಹೇಳಿ, ನಮ್ಮದೆಲ್ಲ ಬಂಗಾರ ಎಂದು ಎದೆ ತಟ್ಟಿಕೊಂಡರೆ ಅದು ಇನ್ನೊಂದು ಸುಳ್ಳಾಗುತ್ತದೆ. ಪಟ್ಟಣದ ಜಾನಪದ ಪ್ರೇಮಿಗಳು ‘ರಕ್ತಗತ ಕಲೆ’ ಎಂದಾಗ ನಮಗೆ ಮೈಯೆಲ್ಲ ಉರಿಯುತ್ತದೆ. ರಕ್ತಗತವಾಗಿ ಬಂದದ್ದು ಕಲೆ ಒಂದೇ ಅಲ್ಲ. ಕೊಕಟನೂರಿನ ಎಲ್ಲಮ್ಮನ ಜಾತ್ರೆಗೆ ಹೋಗಿ ನೋಡಿರಿ. ಚೌಡಿಕಿಯ ತಾಳವನ್ನು ನಮ್ಮ ಅಕ್ಕತಂಗಿಯರಿಗೆ ಕಲಿಸಿದ ವ್ಯವಸ್ಥೆಯೇ ಅವರ ಕೊರಳಿಗೆ ಮುತ್ತು ಕಟ್ಟಿದ ವ್ಯವಸ್ಥೆ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ ಬಂದದ್ದು 1982ರಲ್ಲಿ. ಆ ಹೆಣ್ಣುಮಕ್ಕಳ ದನಿಯನ್ನು ಹೊಗಳಿ, ಆ ದನಿ ಯಾವ ಬೆಲೆಗೆ ಬಂತೆಂದು ಕೇಳದ ವಿಮರ್ಶೆ ಬರೀ ರಸಿಕತೆ.

ಗಡಿಯಾಚೆಯ ಮರಾಠಿ ದಲಿತರೂ ಈ ಇಕ್ಕಟ್ಟನ್ನು ಕಂಡವರೇ. ತಮಾಷಾದ ಪಠ್ಠೆ ಬಾಪೂರಾವ್ ತನ್ನ ಗಳಿಕೆಯ ದುಡ್ಡನ್ನು ಚಳವಳಿಗೆ ಕೊಡಲು ಬಂದಾಗ ಬಾಬಾಸಾಹೇಬರು ಬೇಡವೆಂದರು, ದಲಿತ ಹೆಣ್ಣುಮಕ್ಕಳನ್ನು ಕುಣಿಸಿ ಬಂದ ದುಡ್ಡು ಅದೆಂಬ ಕಾರಣಕ್ಕೆ. ಅದೇ ಬಾಬಾಸಾಹೇಬರ ವಿಚಾರವನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದ್ದು ಅಂಬೇಡ್ಕರಿ ಜಲಸಾಗಳು. ಮಾಂಗ ಜಾತಿಯಲ್ಲಿ ಹುಟ್ಟಿದ ಅಣ್ಣಾಭಾವು ಸಾಠೆ ತಮಾಷಾದ ಗಟ್ಟಿಯನ್ನು ಇಟ್ಟುಕೊಂಡು, ಅದರ ಗುಲಾಮಗಿರಿಯನ್ನು ಕಿತ್ತೊಗೆದು ಲೋಕನಾಟ್ಯ ಕಟ್ಟಿದರು. ಬಾಬಾಸಾಹೇಬರು 1925ರಲ್ಲಿ ಬಹಿಷ್ಕೃತರ ಪರಿಷತ್ತಿಗೆ ಬಂದು ಮಾತಾಡಿದ ನಿಪ್ಪಾಣಿ ನಮ್ಮದೇ ಊರು. ಈ ಪಾಠ ನಮಗೆ ದೂರದ್ದಲ್ಲ. ಕಸುಬನ್ನು ಉಳಿಸಿಕೊಳ್ಳುವುದು, ಅದರ ಕೊರಳ ಹಗ್ಗವನ್ನು ಕೊಯ್ಯುವುದು, ಎರಡೂ ಒಟ್ಟಿಗೇ ಆಗಬೇಕು.

ಆದ್ದರಿಂದಲೇ ನಮಗೆ ತರಬೇತಿ ಬೇಕು. ರಷ್ಯಾದ ಸ್ತಾನಿಸ್ಲಾವ್‌ಸ್ಕಿ ನಟನಿಗೆ ತನ್ನ ಹಳೆಯ ನೋವನ್ನು ನೆನಪಿಗೆ ತಂದುಕೊಳ್ಳಲು ಕಲಿಸಿದ. ನಮ್ಮ ಹುಡುಗನಿಗೆ ನೋವಿನ ನೆನಪು ತರಿಸಬೇಕಾಗಿಲ್ಲ. ಚಹಾದಂಗಡಿಯ ಬೇರೆ ಕಪ್ಪು ಅವನ ಕಣ್ಣ ಮುಂದೇ ಇರುತ್ತದೆ. ಆ ನೆನಪನ್ನು ಒಂದು ಮಾರು ದೂರ ಇಟ್ಟು, ಅದನ್ನು ತಿರುಗಿಸಿ ನೋಡಿ, ತನಗೆ ಬೇಕಾದಾಗ ಬೇಕಾದಷ್ಟೇ ಬಳಸುವ ಹಿಡಿತ ಅವನಿಗೆ ಬೇಕು. ಆ ಹಿಡಿತ ಬರುವವರೆಗೆ ಅವನು ರಂಗದ ಮೇಲೆ ಬರೀ ಗಾಯ. ಬಂದ ಮೇಲೆ ನಟ. ಇದನ್ನು ಕಲಿಸುವ ಮೇಷ್ಟ್ರಿಗೆ ಚಹಾದಂಗಡಿಯೂ ಗೊತ್ತಿರಬೇಕು.

ಕಾರಂತರ ಬದುಕನ್ನೇ ನೋಡಿರಿ. ಗುಬ್ಬಿ ಕಂಪನಿಯಲ್ಲಿ ಬೆಳೆದ ಹುಡುಗ ಅವರು. ಗುಬ್ಬಿ ವೀರಣ್ಣನವರು ಅವರನ್ನು ಬನಾರಸಿಗೆ ಎಂ.ಎ. ಓದಲು ಕಳಿಸಿದರು. ಅಲ್ಲಿಂದ ನಾಟಕ ಶಾಲೆಯ ವಿದ್ಯಾರ್ಥಿ, 1977ರಲ್ಲಿ ಅದರ ನಿರ್ದೇಶಕ. ಕಂಪನಿಯ ಕಲಿಕೆ, ಶಾಲೆಯ ಕಲಿಕೆ ಒಂದಕ್ಕೊಂದು ವೈರಿಯಲ್ಲ. ನಡುವೆ ಒಂದು ಕೈ ಬೇಕಾಗಿತ್ತು, ಅವರಿಗೆ ಸಿಕ್ಕಿತು. ಹಲಗಿಯವನ ಮಗನ ಹಿಂದೆ ನಿಲ್ಲುವ ಕೈ ಯಾವುದು? ಒಬ್ಬ ವೀರಣ್ಣ ಹುಟ್ಟಿ ಬರಲಿ ಎಂದು ಕಾಯುವುದಲ್ಲ, ಅದು ಸರಕಾರದ ಹಕ್ಕುಪತ್ರವಾಗಿ ಬರಬೇಕು.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಚಿಕ್ಕೋಡಿ ಭಾಗದಲ್ಲಿ ಒಂದು ನಾಟಕ ಶಾಲೆ ಬೇಕು. ಹೆಗ್ಗೋಡು ಇಲ್ಲಿಂದ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ದೇವದಾಸಿ ತಾಯಂದಿರ ಮಕ್ಕಳಿಗೆ, ನಿಪ್ಪಾಣಿಯ ಬೀಡಿ ಕಾರ್ಮಿಕರ ಮಕ್ಕಳಿಗೆ ಅಲ್ಲಿ ಊಟ, ವಸತಿ, ಮನೆಗೆ ಕಳಿಸುವಷ್ಟು ವೇತನ ಇರಬೇಕು. ಪಾರಿಜಾತದ, ಸಣ್ಣಾಟದ ಹಿರಿಯರು ವರ್ಷಕ್ಕೊಂದು ದಿನ ಶಾಲು ಹೊದಿಸಿಕೊಳ್ಳುವ ಅತಿಥಿಗಳಾಗಬಾರದು, ತಿಂಗಳ ಪಗಾರದ ಮೇಷ್ಟ್ರಾಗಬೇಕು. ಕಲಿತು ಹೊರಬಂದವನಿಗೆ ಕರಾರುಪತ್ರದ ಮೇಲೆ ಕೂಲಿ ಸಿಗಬೇಕು.

ಅದು ಆಗುವ ತನಕ, ಹಳ್ಳಿಯ ಮೇಷ್ಟ್ರೇ, ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮೂರಿನ ಕೇರಿಯಲ್ಲಿ ಆಟ ಆದಾಗ ಒಂದು ಹಾಳೆಯಲ್ಲಿ ತಾರೀಖು ಬರೆಯಿರಿ, ಆಟದ ಹೆಸರು ಬರೆಯಿರಿ, ಯಾರು ಯಾವ ಪಾತ್ರ ಕಟ್ಟಿದರು, ಅದನ್ನು ಯಾರು ಕಲಿಸಿದರು ಎಂದು ಬರೆಯಿರಿ. ಕೆಳಗೆ ನಿಮ್ಮ ಸಹಿ, ಹುದ್ದೆ ಹಾಕಿರಿ. ಒಂದು ಪ್ರತಿ ಆಡಿದವನ ಕೈಗೆ ಕೊಡಿರಿ. ಆರು ಹಾಳೆ ಕೂಡಿದ ದಿನ ನಾವು ಅವನ ಸಂಗಡ ಬಸ್ಸು ಹತ್ತುತ್ತೇವೆ. ‘ಅದಲ್ಲಪ್ಪ, ನಾಟಕ?’ ಎಂದು ಮತ್ತೆ ಯಾರಾದರೂ ಕೇಳಿದರೆ, ಆ ಹಾಳೆಗಳನ್ನು ಅವರ ಮೇಜಿನ ಮೇಲೆ ಇಟ್ಟು, ‘ಇದ ನಾಟಕರಿ’ ಅಂತೇವಿ.